ಬ್ಯಾಟರಿಗೂ ಒಂದು ಔಟ್‌ಟರ್ನ್ ಇದೆ

ಪುನರ್ವಸು ಮಳೆ ಹಿಡಿದ ಮೂರನೇ ದಿನ. ನಮ್ಮೂರು ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ. ಪುಷ್ಪಗಿರಿ ಬೆಟ್ಟ ಹತ್ತಿರ ಇರುವ ಪುಣ್ಯಕ್ಕೆ ನಮಗೆ ಮಳೆಯ ವಿಷಯದಲ್ಲಿ ಯಾವತ್ತೂ ಬಡತನ ಬಂದಿಲ್ಲ. ಸಂಜೆ ಆರೂವರೆಗೆ ಮೇಲಿನ ತೋಟದಲ್ಲಿ ಸಿಲ್ವರ್ ಮರವೊಂದು ಲೈನಿನ ಮೇಲೆ ಬಿತ್ತು. ಕರೆಂಟು ಹೋಯಿತು, ಟಕ್ ಅಂತ ಇನ್ವರ್ಟರ್ ಬಂತು, ಅಮ್ಮ ಅಡುಗೆಮನೆಯಲ್ಲಿ ಕೆಲಸ ಮುಂದುವರಿಸಿದರು, ನಾನು ಲ್ಯಾಪ್‌ಟಾಪ್ ಮುಂದೆ ಕೂತೇ ಇದ್ದೆ. ಎಂಟು ಗಂಟೆ ಆಗುವ ಹೊತ್ತಿಗೆ ಇನ್ವರ್ಟರ್ ಕೀ ಕೀ ಅಂತ ಅರಚಿ, ಕೆಂಪು ದೀಪ ತೋರಿಸಿ, ಮಲಗಿಬಿಟ್ಟಿತು.

ಒಂದೂವರೆ ಗಂಟೆ. ಅಷ್ಟೇ.

ಈ ಬ್ಯಾಟರಿ ತಂದಿದ್ದು 2019ರ ಮೇ ತಿಂಗಳಲ್ಲಿ. ಅದರ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ದಿನಗಟ್ಟಲೆ ಕತ್ತಲಲ್ಲಿ ಕೂತಿದ್ದೆವು. ಫೋನ್ ಚಾರ್ಜ್ ಇಲ್ಲದೆ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗದೆ ಒದ್ದಾಡಿದ್ದು ಅಪ್ಪನಿಗೆ ಮನಸ್ಸಿಗೆ ಹತ್ತಿತ್ತು. ಪೇಟೆಗೆ ಹೋಗಿ 150 ಎಎಚ್ ಟ್ಯೂಬುಲರ್ ಬ್ಯಾಟರಿ (ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯಲ್ಲೇ ಒಂದು ಬಗೆ) ತಂದರು. ಅಂಗಡಿಯವರು, "ನಿಮ್ಮ ಮನೆ ಲೋಡಿಗೆ ಹತ್ತು ಗಂಟೆ ಆರಾಮಾಗಿ ಬರುತ್ತೆ ಅಣ್ಣ" ಅಂದಿದ್ದರಂತೆ. ಹೊಸದರಲ್ಲೇ ಅದು ಐದು, ಐದೂವರೆ ಗಂಟೆ ಮೇಲೆ ಬಂದಿರಲಿಲ್ಲ. ಆರನೇ ಮಳೆಗಾಲಕ್ಕೆ ಒಂದೂವರೆಗೆ ಇಳಿದಿತ್ತು.

"ಮೋಸ ಮಾಡಿದ್ರು ಕಣಮ್ಮ" ಅಂದರು ಅಪ್ಪ, ಕ್ಯಾಂಡಲ್ ಹುಡುಕುತ್ತಾ.

ನನಗೂ ಹಾಗೇ ಅನಿಸಿತ್ತು. ಆದರೆ ಮಾಡುವುದಕ್ಕೆ ಬೇರೆ ಕೆಲಸ ಇರಲಿಲ್ಲ ನೋಡಿ, ಮೊಬೈಲಲ್ಲಿ ಚಾರ್ಜ್ ಹದಿನೇಳು ಪರ್ಸೆಂಟ್ ಇತ್ತು, ನೆಟ್‌ವರ್ಕ್ ಮೊದಲೇ ಸತ್ತಿತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾ ಕೂತೆ. ಆವತ್ತು ಶುರುವಾದದ್ದು ಒಂದು ವಾರ ನಡೆಯಿತು. ಕೊನೆಗೆ ಗೊತ್ತಾಗಿದ್ದು ಏನೆಂದರೆ, ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಸುಮ್ನೆ ಒಂದು ಭಾಗಾಕಾರ ಮಾಡಿ ಕೈ ತೊಳೆದುಕೊಂಡಿದ್ದರು.

ಮೊದಲ ಲೆಕ್ಕ ಬಹಳ ಸುಲಭ. ಬ್ಯಾಟರಿಯ ಮೇಲೆ ಎರಡು ಸಂಖ್ಯೆ ಇರುತ್ತವೆ, 12 ವೋಲ್ಟ್ ಮತ್ತು 150 ಎಎಚ್. ಎಎಚ್ ಅಂದರೆ ಆಂಪಿಯರ್ ಅವರ್. ಒಂದು ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಟ್ಟರೆ ಅದು ಒಂದು ಎಎಚ್. ಅದನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ. 12 ಗುಣಿಸು 150, ಅಂದರೆ 1800 ವ್ಯಾಟ್ ಅವರ್. ಕರೆಂಟು ಬಿಲ್ಲಿನಲ್ಲಿ ಒಂದು ಯೂನಿಟ್ ಅಂತ ಬರುತ್ತಲ್ಲ, ಅದು 1000 ವ್ಯಾಟ್ ಅವರ್. ಅಂದರೆ ಇಬ್ಬರು ಸೇರಿ ಎತ್ತಬೇಕಾದ, ಹದಿನೈದು ಸಾವಿರ ಕೊಟ್ಟು ತಂದ ಆ ದೊಡ್ಡ ಡಬ್ಬದೊಳಗೆ ತುಂಬುವುದು ಎರಡು ಯೂನಿಟ್ಟಿಗೂ ಕಡಿಮೆ ಕರೆಂಟು! ಇದನ್ನು ಹೇಳಿದಾಗ ಅಪ್ಪ ನಂಬಲೇ ಇಲ್ಲ. ಗೀಸರ್ ಒಂದು ಗಂಟೆ ಹಾಕಿದರೆ ಖರ್ಚಾಗುವಷ್ಟು, ಅಷ್ಟೇ ಅಪ್ಪಾ ಅಂದೆ. ನಮ್ಮ ಮನೆಯಲ್ಲಿ ಗೀಸರ್ ಇಲ್ಲ, ಹಂಡೆ ಒಲೆ. ಹಾಗಾಗಿ ಆ ಉದಾಹರಣೆ ಅವರಿಗೆ ತಟ್ಟಲಿಲ್ಲ.

ಇಲ್ಲಿ ಒಂದು ಮಾತು. ಎಎಚ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ಜೊತೆಗೆ ವೋಲ್ಟ್ ಬೇಕೇ ಬೇಕು. ಚಿಕ್ಕಪ್ಪನ ಮಗ ಪಿಯುಸಿ ಓದುತ್ತಿದ್ದಾನೆ, ಅವನ ಪ್ರಶ್ನೆ: "ಅಕ್ಕಾ, ನನ್ನ ಪವರ್ ಬ್ಯಾಂಕ್ 20000, ನಿಮ್ಮ ಇನ್ವರ್ಟರ್ ಬರೀ 150. ಯಾವುದು ದೊಡ್ಡದು?" ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ಗೊತ್ತಿಲ್ಲ. ಅವನದು 20000 ಎಂಎಎಚ್, ಅಂದರೆ ಆಂಪಿಯರಿನ ಸಾವಿರದ ಒಂದು ಭಾಗದ ಲೆಕ್ಕ. ಎಎಚ್‌ಗೆ ತಂದರೆ 20. ಪವರ್ ಬ್ಯಾಂಕಿನ ಒಳಗಿರುವ ಲಿಥಿಯಂ ಸೆಲ್ಲುಗಳು 3.7 ವೋಲ್ಟಿನವು. 20 ಗುಣಿಸು 3.7, ಅಂದರೆ 74 ವ್ಯಾಟ್ ಅವರ್. ನಮ್ಮ 1800ರ ಮುಂದೆ ಅದು ಇಪ್ಪತ್ತನಾಲ್ಕರಲ್ಲಿ ಒಂದು ಪಾಲು.

ಅವನ ದೂರು ಇನ್ನೊಂದಿತ್ತು. ಫೋನಿನ ಬ್ಯಾಟರಿ 5000, ಪವರ್ ಬ್ಯಾಂಕ್ 20000, ನಾಲ್ಕು ಸಲ ತುಂಬಬೇಕಲ್ವಾ, ಮೂರಕ್ಕೇ ಮುಗಿದುಹೋಗುತ್ತದಲ್ಲ? ಮುಗಿಯುತ್ತದೆ. ಸೆಲ್ಲಿನ 3.7 ವೋಲ್ಟನ್ನು ಯುಎಸ್‌ಬಿಗೆ ಬೇಕಾದ 5 ವೋಲ್ಟಿಗೆ ಏರಿಸುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. 74ರಲ್ಲಿ 85 ಪರ್ಸೆಂಟ್ ಹೊರಗೆ ಬಂದರೆ 63. ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್ ಅವರ್. ಮೂರು ಸಲ ಮತ್ತು ಸ್ವಲ್ಪ. ಪವರ್ ಬ್ಯಾಂಕಿನ ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ರೇಟೆಡ್ ಕೆಪಾಸಿಟಿ ಅಂತ ಇನ್ನೊಂದು ಸಣ್ಣ ಸಂಖ್ಯೆ ಇರುತ್ತದೆ. ನೋಡಬೇಕಾದದ್ದು ಅದನ್ನು. (ವಿಮಾನದಲ್ಲಿ ಪವರ್ ಬ್ಯಾಂಕ್ ಒಯ್ಯುವುದಕ್ಕೂ ಮಿತಿ ಇರುವುದು ವ್ಯಾಟ್ ಅವರ್‌ನಲ್ಲೇ. 100 ದಾಟಿದರೆ ಕೇಳದೆ ಒಯ್ಯುವಂತಿಲ್ಲ. ಮಾರುಕಟ್ಟೆಯಲ್ಲಿ 20000ದ ಆಸುಪಾಸಿನವೇ ಜಾಸ್ತಿ ಯಾಕೆ ಕಾಣುತ್ತವೆ ಅನ್ನುವುದಕ್ಕೆ ಅದೂ ಒಂದು ಕಾರಣ ಇರಬೇಕು ಅಂತ ನನ್ನ ಊಹೆ.)

ಸರಿ, ಇನ್ವರ್ಟರಿಗೆ ಬರೋಣ. ನಮ್ಮ ಮನೆಯ ಲೋಡ್ ಬರೆದೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಐದು, 45. ನನ್ನ ಲ್ಯಾಪ್‌ಟಾಪ್ 45. ಟಿವಿ 60. ರೂಟರ್ 10. ಎರಡು ಫೋನ್ ಚಾರ್ಜರ್ 20. ಒಟ್ಟು 180 ವ್ಯಾಟ್. ಫ್ಯಾನ್ ಬರೆಯಲಿಲ್ಲ. ಇನ್ವರ್ಟರ್ ಅಂಗಡಿಗಳಲ್ಲಿ ಎಲ್ಲರಿಗೂ ಮೂರು ಫ್ಯಾನ್ ಸೇರಿಸಿಯೇ ಲೆಕ್ಕ ಕೊಡುತ್ತಾರೆ, ನಮ್ಮಲ್ಲಿ ಜುಲೈನಲ್ಲಿ ಫ್ಯಾನ್ ಹಾಕುವುದು ಒಗೆದ ಬಟ್ಟೆ ಒಣಗಿಸಲು ಮಾತ್ರ.

1800 ಭಾಗಿಸು 180. ಹತ್ತು ಗಂಟೆ. ಅಂಗಡಿಯವರು ಮಾಡಿದ ಭಾಗಾಕಾರ ಇದೇ.

ಈ ಹತ್ತು ಎಲ್ಲಿ ಸೋರಿ ಹೋಗುತ್ತದೆ? ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ಮೂರು ದಿನ ಒದ್ದಾಡಿದೆ. ಕೊನೆಗೆ ಬಾಯಿಗೆ ಬಂದದ್ದು ಅವರದೇ ಭಾಷೆ. ಕಾಫಿ ಬೆಳೆಯುವವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಒಣಗಿದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತೇವೆ. ಆದರೆ ವ್ಯಾಪಾರಿ ದುಡ್ಡು ಕೊಡುವುದು 50 ಕೆಜಿಗಲ್ಲ. ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಮಾಡಿ, ತೇವ ನೋಡಿ, ಔಟ್‌ಟರ್ನ್ ಎಷ್ಟು ಅಂತ ಹೇಳುತ್ತಾನೆ. 26 ಅಂದರೆ 50 ಕೆಜಿ ಚೀಲದಲ್ಲಿ ಬೀಜ 26 ಕೆಜಿ, ಉಳಿದದ್ದು ಹೊಟ್ಟು. 28 ಬಂದರೆ ಅಪ್ಪನಿಗೆ ಆವತ್ತು ಹಬ್ಬ. 25 ಅಂದರೆ ಮನೆಗೆ ಬಂದು ಯಾರ ಹತ್ತಿರವೂ ಮಾತಾಡುವುದಿಲ್ಲ.

"ಅಪ್ಪಾ, 150 ಎಎಚ್ ಅನ್ನೋದು ಚೀಲದ ತೂಕ. ನಮಗೆ ಸಿಗೋದು ಔಟ್‌ಟರ್ನ್."

ಅಪ್ಪ ಪೇಪರ್ ಕೆಳಗಿಟ್ಟರು. "ಹಂಗಾದ್ರೆ ಹೊಟ್ಟು ಯಾವುದು?"

ಹೊಟ್ಟು ಮೂರು ಕಡೆ ಇದೆ.

ಮೊದಲನೆಯದು ಬ್ಯಾಟರಿಯ ಲೇಬಲ್ಲಿನಲ್ಲೇ ಬರೆದಿರುತ್ತದೆ, ಯಾರೂ ಓದುವುದಿಲ್ಲ. 150 ಎಎಚ್ ಪಕ್ಕದಲ್ಲಿ ಸಿ20 ಅಂತ ಇರುತ್ತದೆ. ಅಂದರೆ ಈ ಬ್ಯಾಟರಿಯನ್ನು ಇಪ್ಪತ್ತು ಗಂಟೆ ಹಿಡಿದು ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ 150 ಸಿಗುತ್ತದೆ, ಏಳೂವರೆ ಆಂಪಿಯರಿನಂತೆ. ಜೋರಾಗಿ ಎಳೆದರೆ ಅಷ್ಟು ಕೊಡುವುದಿಲ್ಲ. ಸೀಸದ ಪ್ಲೇಟುಗಳ ಒಳಕ್ಕೆ ಆಸಿಡ್ ಇಳಿಯುವುದಕ್ಕೆ ಹೊತ್ತು ಬೇಕು. ಅವಸರ ಮಾಡಿದರೆ ಮೇಲ್ಮೈಯಲ್ಲಿ ಇದ್ದದ್ದಷ್ಟೇ ಖರ್ಚಾಗಿ ವೋಲ್ಟ್ ಬಿದ್ದುಹೋಗುತ್ತದೆ, ಒಳಗೆ ಇನ್ನೂ ಉಳಿದಿರುತ್ತದೆ. 1897ರಲ್ಲಿ ಜರ್ಮನಿಯ ಪ್ಯೂಕರ್ಟ್ ಎಂಬ ವಿಜ್ಞಾನಿ ಇದಕ್ಕೆ ಒಂದು ಸೂತ್ರ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಘಾತಾಂಕ ಬರುತ್ತದೆ, ಸೀಸದ ಬ್ಯಾಟರಿಗಳಿಗೆ ಅದು ಸಾಮಾನ್ಯವಾಗಿ 1.1ರಿಂದ 1.3ರ ನಡುವೆ. ನಾನು 1.2 ಇಟ್ಟು ನೋಡಿದೆ. 7.5 ಆಂಪಿಯರ್ ಎಳೆದರೆ 20 ಗಂಟೆ, ಪೂರ್ತಿ 150. ಸುಮಾರು 19 ಆಂಪಿಯರ್ ಎಳೆದರೆ ಆರು ಗಂಟೆ ನಲವತ್ತು ನಿಮಿಷ, ಅಂದರೆ 125. 45 ಆಂಪಿಯರ್ ಎಳೆದರೆ ಎರಡು ಗಂಟೆ ಇಪ್ಪತ್ತು ನಿಮಿಷ, ಸಿಕ್ಕಿದ್ದು 105. ಬ್ಯಾಟರಿ ಅದೇ, ಲೇಬಲ್ ಅದೇ.

ಸೋಲಾರಿಗೆ ಅಂತ ಮಾರುವ ಬ್ಯಾಟರಿಗಳಲ್ಲಿ ಸಿ10 ಅಂತ ಇರುತ್ತದೆ, ಅಂದರೆ ಹತ್ತು ಗಂಟೆಯಲ್ಲಿ ಖಾಲಿ ಮಾಡಿದಾಗ ಸಿಗುವ ಸಂಖ್ಯೆ. ಹಾಗಾಗಿ ಸಿ10ರ 150 ಮತ್ತು ಸಿ20ರ 150 ಒಂದೇ ಅಲ್ಲ, ಸಿ10ರದ್ದು ದೊಡ್ಡ ಬ್ಯಾಟರಿ. ಎರಡರ ಬೆಲೆ ಪಕ್ಕಪಕ್ಕ ಇಟ್ಟು "ಅದು ದುಬಾರಿ" ಅಂದರೆ ಪಾಪ ಅದಕ್ಕೆ ಅನ್ಯಾಯ.

ಎರಡನೆಯ ಹೊಟ್ಟು ಇನ್ವರ್ಟರಿನದ್ದು. 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡುವ ಕೆಲಸಕ್ಕೆ ಅದು ಕಮಿಷನ್ ತೆಗೆದುಕೊಳ್ಳುತ್ತದೆ. ಮನೆಯ ಇನ್ವರ್ಟರಿಗೆ 80 ಪರ್ಸೆಂಟ್ ಅಂತ ಹಿಡಿದರೆ ಹೆಚ್ಚು ತಪ್ಪಾಗುವುದಿಲ್ಲ. ನಮ್ಮ 180 ವ್ಯಾಟಿಗೆ ಬ್ಯಾಟರಿಯಿಂದ ಹೋಗುವುದು 225, ಅಂದರೆ 12ರಿಂದ ಭಾಗಿಸಿದರೆ ಸುಮಾರು 19 ಆಂಪಿಯರ್. ಮೇಲೆ 19 ಅಂತ ಬರೆದದ್ದು ಅದಕ್ಕೇ. ಇನ್ನೊಂದು ವಿಷಯ, ಯಾವ ಬಲ್ಬೂ ಉರಿಯದಿದ್ದರೂ ಇನ್ವರ್ಟರ್ ಆನ್ ಆಗಿದೆ ಅಂದರೆ ಹತ್ತು ಹದಿನೈದು ವ್ಯಾಟ್ ತಾನೇ ತಿನ್ನುತ್ತಿರುತ್ತದೆ. ರಾತ್ರಿ ಮಲಗಿದ ಎಂಟು ತಾಸಿನಲ್ಲಿ ನೂರು ವ್ಯಾಟ್ ಅವರ್ ಹಾಗೇ ಹೋಯಿತು. ಕರೆಂಟು ಬರುವ ಲಕ್ಷಣ ಇಲ್ಲದ ದಿನ ಮಲಗುವಾಗ ಇನ್ವರ್ಟರಿನ ಮುಂಬದಿಯ ಸ್ವಿಚ್ ಆಫ್ ಮಾಡಿ ಮಲಗುತ್ತೇವೆ ಈಗ, ತಲೆದಿಂಬಿನ ಹತ್ತಿರ ಟಾರ್ಚ್.

ಮೂರನೆಯದು ನಾವೇ ಬಿಡಬೇಕಾದ ಹೊಟ್ಟು. ಸೀಸದ ಬ್ಯಾಟರಿಯನ್ನು ತಳ ಕಾಣುವ ತನಕ ಖಾಲಿ ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಬಹಳ ಒಳ್ಳೆಯದು, ಟ್ಯೂಬುಲರ್ ಆದರೆ ಆಗಾಗ 80 ಪರ್ಸೆಂಟ್ ತನಕ ಇಳಿಸಿದರೂ ತಡೆದುಕೊಳ್ಳುತ್ತದೆ.

ಈಗ ಕೂಡಿಸೋಣ. 125 ಎಎಚ್, ಗುಣಿಸು 12, ಅದರಲ್ಲಿ ಇನ್ವರ್ಟರ್ ಕಮಿಷನ್ ಕಳೆದು 80 ಪರ್ಸೆಂಟ್, 1200 ವ್ಯಾಟ್ ಅವರ್. ಅದರಲ್ಲಿ 80 ಪರ್ಸೆಂಟ್ ಮಾತ್ರ ಬಳಸಿದರೆ 960. ಭಾಗಿಸು 180. ಐದು ಗಂಟೆ ಇಪ್ಪತ್ತು ನಿಮಿಷ. ಬ್ಯಾಟರಿ ಹೊಸದಾಗಿದ್ದಾಗ ಬರುತ್ತಿದ್ದುದು ಸರಿಯಾಗಿ ಅಷ್ಟೇ!

1800ಕ್ಕೆ 960 ಅಂದರೆ ಎಷ್ಟು ಪರ್ಸೆಂಟ್ ಅಂತ ಸುಮ್ನೆ ನೋಡಿದೆ. 53. ಐವತ್ತು ಕೆಜಿ ಚೀಲಕ್ಕೆ ಇಪ್ಪತ್ತಾರೂವರೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ನಮ್ಮ ರೋಬಸ್ಟಾನೇ" ಅಂದರು.

ಇಷ್ಟಾದ ಮೇಲೆ ಅಂಗಡಿಯವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. ದಿನಾ ಬ್ಯಾಟರಿ ಮಾರುವವರಿಗೆ ಇದು ಗೊತ್ತಿರುವುದಿಲ್ಲವಾ?

ಆದರೆ ಐದೂವರೆ ಹೋಗಿ ಒಂದೂವರೆ ಆಗಿದ್ದು ಯಾಕೆ, ಅದು ಬೇರೆ ಕತೆ. ಅದರಲ್ಲಿ ತಪ್ಪು ಅರ್ಧ ಮಳೆಯದ್ದು, ಅರ್ಧ ನಮ್ಮದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಬರುವುದೇ ನೆಂಟರ ಹಾಗೆ, ಎರಡು ಗಂಟೆ ಬಂದು ಕಾಫಿ ಕುಡಿದು ಹೋಗುತ್ತದೆ. ಇನ್ವರ್ಟರಿನ ಚಾರ್ಜರ್ ಗಂಟೆಗೆ 15 ಎಎಚ್ ತುಂಬುತ್ತದೆ ಅಂತ ಇಟ್ಟುಕೊಳ್ಳಿ. ಎರಡು ಗಂಟೆಗೆ 30, ಅದರಲ್ಲೂ ಸೋರಿಕೆ ಕಳೆದರೆ 25 ಎಎಚ್ ಒಳಗೆ ಹೋಯಿತು. ಖಾಲಿ ಬ್ಯಾಟರಿ ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಒಂದು ದಿನವೂ ಹೊಟ್ಟೆ ತುಂಬ ಉಂಡಿರುವುದಿಲ್ಲ. ಹೀಗೆ ಅರೆಹೊಟ್ಟೆಯಲ್ಲಿ ಬಹಳ ದಿನ ಇದ್ದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬೆಂಗಳೂರಿನ ಗೆಳತಿಯ ಮನೆಯಲ್ಲಿ ಇಂಥದೇ ಬ್ಯಾಟರಿ ಏಳನೇ ವರ್ಷವೂ ಗಟ್ಟಿಮುಟ್ಟಾಗಿದೆ, ಅಲ್ಲಿ ಕರೆಂಟು ಹೋಗುವುದು ಅರ್ಧ ಗಂಟೆ, ಬಂದರೆ ದಿನವಿಡೀ ಇರುತ್ತದೆ.

ನಮ್ಮ ತಪ್ಪು ಎಂದರೆ ನೀರು. ಅಜ್ಜಿ ಇದ್ದಾಗಿನಿಂದ ನಮ್ಮಲ್ಲಿ ಒಂದು ನಂಬಿಕೆ, ಮಳೆ ನೀರಿಗಿಂತ ಶುದ್ಧ ನೀರು ಯಾವುದಿದೆ ಅಂತ. ಅದನ್ನೇ ಹಿಡಿದುಕೊಂಡು ಅಪ್ಪ ಎರಡು ವರ್ಷ ಹೆಂಚಿನ ಅಂಚಿಂದ ಬೀಳುವ ನೀರನ್ನು ಬಾಟಲಿಯಲ್ಲಿ ಹಿಡಿದು ಬ್ಯಾಟರಿಗೆ ಹಾಕಿದ್ದಾರೆ! ಹೆಂಚಿನ ಮೇಲಿನ ಪಾಚಿ, ಮಣ್ಣು, ಹಕ್ಕಿ ಹಿಕ್ಕೆ ಎಲ್ಲಾ ಅದರಲ್ಲಿ. ಡಿಸ್ಟಿಲ್ಡ್ ವಾಟರ್ ಅಂತ ಅಂಗಡಿಯಲ್ಲಿ ಸಿಗುತ್ತದೆ, ಬಾಟಲಿಗೆ ದೊಡ್ಡ ದುಡ್ಡೇನಲ್ಲ. ಅದನ್ನು ಬಿಟ್ಟು ಬೇರೆ ಏನನ್ನೂ ಹಾಕಬಾರದು. ಆಸಿಡ್ಡನ್ನೂ ಹಾಕಬಾರದು, ಖರ್ಚಾಗುವುದು ನೀರು ಮಾತ್ರ.

ಇನ್ನು ಈ ಹಳೆಯ ಬ್ಯಾಟರಿಯಲ್ಲಿ ನಿಜವಾಗಿ ಎಷ್ಟು ಉಳಿದಿದೆ ಅಂತ ಅಳೆಯಬೇಕು ಅನಿಸಿತು. ವೋಲ್ಟ್ ನೋಡಿ ಹೇಳಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ವೋಲ್ಟ್ ಹೇಳುವುದು ಪಾತ್ರೆ ಎಷ್ಟು ತುಂಬಿದೆ ಅಂತ, ಪಾತ್ರೆ ಎಷ್ಟು ದೊಡ್ಡದು ಅಂತ ಅಲ್ಲ. ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿಯಲ್ಲಿ 12.7 ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 11.8ರ ಹತ್ತಿರ ಬಂದರೆ ಖಾಲಿ. ಆದರೆ ಸೇರು ಪಾವಾಗಿದ್ದರೂ ತುಂಬಿದಾಗ ತುಂಬಿದಂತೆಯೇ ಕಾಣುತ್ತದೆ. ಕೆಪಾಸಿಟಿ ಅಳೆಯುವುದಕ್ಕೆ ಇರುವುದು ಒಂದೇ ದಾರಿ, ಖಾಲಿ ಮಾಡಿ ನೋಡುವುದು.

ಕರೆಂಟು ಬಂದ ಮೇಲೆ ಎರಡು ದಿನ ಪೂರ್ತಿ ಚಾರ್ಜ್ ಮಾಡಿದೆ. ಇನ್ವರ್ಟರಿನಿಂದ ಬಿಚ್ಚಿ ಜಗುಲಿಗೆ ತಂದೆವು. ಅಪ್ಪನ ಹಳೆಯ ಜೀಪಿನ 12 ವೋಲ್ಟಿನ ಹೆಡ್‌ಲೈಟ್ ಬಲ್ಬನ್ನು ವೈರ್ ಹಾಕಿ ಜೋಡಿಸಿದೆ, ಮಲ್ಟಿಮೀಟರಿನಲ್ಲಿ ನೋಡಿದರೆ ನಾಲ್ಕೂವರೆ ಆಂಪಿಯರ್ ಎಳೆಯುತ್ತಿತ್ತು. ಬೆಳಗ್ಗೆ ಆರಕ್ಕೆ ಹಚ್ಚಿದೆ. ಅರ್ಧ ಗಂಟೆಗೊಮ್ಮೆ ವೋಲ್ಟ್ ಬರೆದುಕೊಳ್ಳುವುದು, ಬಲ್ಬ್ ಉರಿಯುತ್ತಿರುವಾಗ 10.5ಕ್ಕೆ ಇಳಿದ ತಕ್ಷಣ ಬಿಚ್ಚುವುದು (ಮೇಲೆ ಹೇಳಿದ 11.8 ಸುಮ್ಮನೆ ಬಿಟ್ಟ ಬ್ಯಾಟರಿಯ ಲೆಕ್ಕ). ಹೊಸ ಬ್ಯಾಟರಿಯಾಗಿದ್ದರೆ ಮಾರನೇ ದಿನ ಮಧ್ಯಾಹ್ನದ ತನಕ ಉರಿಯಬೇಕಿತ್ತು. ಅಮ್ಮ ಅಕ್ಕಿ ರೊಟ್ಟಿ ತಂದುಕೊಟ್ಟು, ಹಾಡುಹಗಲಲ್ಲಿ ಹೆಡ್‌ಲೈಟ್ ಹಚ್ಚಿಕೊಂಡು ಗಡಿಯಾರ ನೋಡುತ್ತಾ ಕೂತ ನನ್ನನ್ನು ಒಂದು ಸಲ, ಬಲ್ಬನ್ನು ಒಂದು ಸಲ ನೋಡಿ, "ಏನೇ ಇದು, ಯಾವ ವ್ರತ?" ಅಂದರು. ಮಧ್ಯಾಹ್ನದ ತನಕ ವೋಲ್ಟ್ ನಿಧಾನಕ್ಕೆ ಇಳಿಯಿತು, ನಾಲ್ಕರ ಮೇಲೆ ಜಾರಿದ ಹಾಗೆ ಇಳಿಯಿತು, ಐದಕ್ಕೆ ಮುಗಿಯಿತು. 11 ಗಂಟೆ, ಗುಣಿಸು 4.5. ಐವತ್ತು ಎಎಚ್‌ಗೆ ಒಂದು ಕೂದಲೆಳೆ ಕಡಿಮೆ. 150ರಲ್ಲಿ ಮೂರನೇ ಒಂದು ಪಾಲು! 80 ಪರ್ಸೆಂಟಿಗಿಂತ ಕೆಳಗಿಳಿದರೆ ಬ್ಯಾಟರಿಯ ಬಾಳು ಮುಗಿಯಿತು ಅಂತ ಈ ವಿಷಯ ತಿಳಿದವರು ಲೆಕ್ಕ ಹಿಡಿಯುತ್ತಾರೆ, ನಮ್ಮದು ತಿಥಿ ಮುಗಿದು ಎಷ್ಟು ಕಾಲವಾಗಿತ್ತೋ.

ಇದನ್ನು ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ಗಾಳಿ ಆಡುವ ಜಾಗದಲ್ಲೇ ಮಾಡಿ, ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಹಚ್ಚುವ ಮಾವಂದಿರು ಇದ್ದರೆ ಮೊದಲು ಅವರನ್ನು ಎಬ್ಬಿಸಿ ಕಳಿಸಿ. ಪರೀಕ್ಷೆ ಮುಗಿದ ಕೂಡಲೇ ಮತ್ತೆ ಚಾರ್ಜಿಗೆ ಹಾಕಿ.

ಕಾರಣವೂ ಸಿಕ್ಕಿತು. 12 ವೋಲ್ಟ್ ಬ್ಯಾಟರಿ ಅಂದರೆ ಒಳಗೆ ಎರಡೆರಡು ವೋಲ್ಟಿನ ಆರು ಸೆಲ್ಲುಗಳು ಸಾಲಾಗಿ ಇರುತ್ತವೆ. ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದರೆ ಪೂರ್ತಿ ಚಾರ್ಜ್ ಆದಮೇಲೂ ಐದು ಸೆಲ್ಲುಗಳಲ್ಲಿ 1220ರ ಆಸುಪಾಸು ಇತ್ತು, ಮೂರನೆಯದರಲ್ಲಿ 1120. ಒಳ್ಳೆಯ ಬ್ಯಾಟರಿಯಲ್ಲಿ ಎಲ್ಲಾ ಕಡೆ 1240 ಅಥವಾ ಮೇಲೆ ಇರಬೇಕು. ಸಾಲಿನಲ್ಲಿ ಒಂದು ಸೆಲ್ ಸುಸ್ತಾದರೆ ಉಳಿದ ಐದು ಎಷ್ಟು ಗಟ್ಟಿ ಇದ್ದರೂ ಪ್ರಯೋಜನವಿಲ್ಲ, ಕರೆಂಟು ಎಲ್ಲವನ್ನೂ ದಾಟಿಯೇ ಬರಬೇಕಲ್ಲ.

ಈ ಲೆಕ್ಕದ ಹುಚ್ಚು ಹಿಡಿದ ಮೇಲೆ ಸಿಕ್ಕಿದ್ದಕ್ಕೆಲ್ಲಾ ಲೆಕ್ಕ ಹಾಕುತ್ತಿದ್ದೇನೆ. ಅಮ್ಮ ಕಣಿಲೆ ಸಾರಿಗೆ ಮಸಾಲೆ ರುಬ್ಬಲು ಇನ್ವರ್ಟರಿನಲ್ಲಿ ಮಿಕ್ಸಿ ಹಾಕಿದಾಗೆಲ್ಲಾ ಕೀ ಕೀ ಅಂತ ಕಿರುಚುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು. 750 ವ್ಯಾಟಿನ ಮಿಕ್ಸಿ ಐದು ನಿಮಿಷಕ್ಕೆ ತಿನ್ನುವುದು ಬರೀ 62 ವ್ಯಾಟ್ ಅವರ್, ಟಿವಿ ಒಂದು ಗಂಟೆಗೆ ತಿನ್ನುವಷ್ಟು. ಆದರೆ ಆ ಐದು ನಿಮಿಷ ಬ್ಯಾಟರಿಯಿಂದ 78 ಆಂಪಿಯರ್ ಎಳೆಯುತ್ತದೆ. ವೋಲ್ಟ್ ಕುಸಿದು, ಇನ್ವರ್ಟರ್ ಬ್ಯಾಟರಿ ಖಾಲಿ ಅಂದುಕೊಂಡು ಕೈ ಎತ್ತುತ್ತದೆ. ಅಮ್ಮ ಈಗ ಕರೆಂಟಿಲ್ಲದ ದಿನ ಒರಳಿಗೇ ಹೋಗುತ್ತಾರೆ, ಸಾರು ರುಚಿ ಜಾಸ್ತಿ ಅಂತ ಬೇರೆ ನಮಗೆ ಬೈಯುತ್ತಾರೆ.

ಪಕ್ಕದ ತೋಟದ ಅಣ್ಣ ಆನೆ ಬೇಲಿಯ ಬ್ಯಾಟರಿ ಬಗ್ಗೆ ಕೇಳಿದರು. ಸೋಲಾರ್ ಬೇಲಿಯ ಯಂತ್ರ ಸಾವಿರಾರು ವೋಲ್ಟಿನ ಏಟು ಕೊಡುತ್ತದೆ ನಿಜ, ಆದರೆ ಕೊಡುವುದು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಆನೆಗೆ ಶಾಕ್ ಹೊಡೆಯುತ್ತದೆ, ಜೀವಕ್ಕೆ ಏನೂ ಆಗುವುದಿಲ್ಲ. ಅವರ ಯಂತ್ರ ಸರಾಸರಿ ಅರ್ಧ ಆಂಪಿಯರ್ ಎಳೆಯುತ್ತಿತ್ತು, ದಿನಕ್ಕೆ 12 ಎಎಚ್. 75 ಎಎಚ್ ಬ್ಯಾಟರಿ ಅಂದರೆ ಹಾಳೆಯ ಮೇಲೆ ಆರು ದಿನ, ಅರ್ಧಕ್ಕೆ ನಿಲ್ಲಿಸಿದರೆ ಮೂರು. ಮಳೆಗಾಲದಲ್ಲಿ ಮೂರು ದಿನ ಬಿಸಿಲೇ ಬಾರದಿರುವುದು ನಮ್ಮಲ್ಲಿ ದೊಡ್ಡ ಸುದ್ದಿಯಾ? ನಾಲ್ಕನೇ ರಾತ್ರಿ ಆನೆ ಬಂದು ಬಾಳೆ ತಿಂದಿದ್ದಕ್ಕೆ ಕಾರಣ ಅಷ್ಟೇ. ಪ್ಯಾನೆಲ್ ದೊಡ್ಡದು ಮಾಡಿ, ಇಲ್ಲದಿದ್ದರೆ ಬ್ಯಾಟರಿ ಇನ್ನೊಂದು ಸೇರಿಸಿ ಅಂದೆ. ಮನೆ ಲೈನನ್ನು ನೇರ ಬೇಲಿಗೆ ಕೊಡುವ ಮಾತು ಮಾತ್ರ ಯಾರೂ ಎತ್ತಬಾರದು. ಅದು ಅಪರಾಧ, ಆನೆಯೂ ಸಾಯುತ್ತದೆ, ಮನುಷ್ಯರೂ.

ಕುಶಾಲನಗರದ ಚಿಕ್ಕಪ್ಪನದು ಎಲೆಕ್ಟ್ರಿಕ್ ಸ್ಕೂಟರ್, ಬ್ಯಾಟರಿ 3 ಕಿಲೋವ್ಯಾಟ್ ಅವರ್. ಮಡಿಕೇರಿಗೆ ಹೋದರೆ ಘಾಟಿಯಲ್ಲೇ ಚಾರ್ಜ್ ಎಲ್ಲಾ ಹೋಗುತ್ತದೆ ಅಂತ ಅವರ ವಾದ. ಕುಶಾಲನಗರಕ್ಕಿಂತ ಮಡಿಕೇರಿ 300 ಮೀಟರಿಗೂ ಸ್ವಲ್ಪ ಹೆಚ್ಚು ಎತ್ತರ. ಸ್ಕೂಟರ್, ಚಿಕ್ಕಪ್ಪ, ಹಿಂದೆ ಚೀಲ ಸೇರಿ 200 ಕೆಜಿ. ಅಷ್ಟನ್ನು 300 ಮೀಟರ್ ಎತ್ತಲು ಬೇಕಾಗುವುದು 163 ವ್ಯಾಟ್ ಅವರ್, ಮೋಟರಿನ ನಷ್ಟ ಸೇರಿಸಿ 200 ಅನ್ನಿ. ಮೂರು ಸಾವಿರದಲ್ಲಿ ಇನ್ನೂರು! ಏಳೆಂಟು ಕಿಲೋಮೀಟರ್ ಕಡಿಮೆ ಓಡುತ್ತದೆ ಅಷ್ಟೇ. ಬರುವಾಗ ಇಳಿಜಾರಲ್ಲಿ ಅದರಲ್ಲಿ ಸ್ವಲ್ಪ ವಾಪಸ್ಸೂ ಸಿಗುತ್ತದೆ. ಘಾಟಿಯದ್ದಲ್ಲ ತಪ್ಪು ಚಿಕ್ಕಪ್ಪ, ನಿಮ್ಮ ಬಲಗೈಯದ್ದು ಅಂದೆ. ಅವರಿಗೆ ಹಿಡಿಸಲಿಲ್ಲ.

ಹೊಸ ಬ್ಯಾಟರಿ ತರುವ ಮೊದಲು ಲಿಥಿಯಂ ಕೂಡ ನೋಡಿದೆವು. 12.8 ವೋಲ್ಟ್, 100 ಎಎಚ್, ಅಂದರೆ 1280 ವ್ಯಾಟ್ ಅವರ್. ಅದರಲ್ಲಿ 90 ಪರ್ಸೆಂಟ್ ತನಕ ಧೈರ್ಯವಾಗಿ ಬಳಸಬಹುದು, ಜೋರಾಗಿ ಎಳೆದರೂ ಹೆಚ್ಚು ಕಡಿಮೆಯಾಗುವುದಿಲ್ಲ. ಇನ್ವರ್ಟರ್ ಕಮಿಷನ್ ಕಳೆದರೂ 920ಕ್ಕಿಂತ ಮೇಲೆ. ಅಂದರೆ ಲಿಥಿಯಂನ 100, ಸೀಸದ 150ಕ್ಕೆ ಹೆಚ್ಚುಕಡಿಮೆ ಸಮ, ಹೊಟ್ಟು ಕಡಿಮೆ ಇರುವ ತಳಿ. ಅರೆಹೊಟ್ಟೆಯಲ್ಲಿಟ್ಟರೂ ಅದಕ್ಕೆ ಬೇಸರವಿಲ್ಲ, ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ಆದರೆ ಬೆಲೆ ಜಾಸ್ತಿ, ನಮ್ಮ ಹಳೆಯ ಇನ್ವರ್ಟರ್ ಅದಕ್ಕೆ ಹೊಂದುವುದೂ ಇಲ್ಲ, ಎರಡನ್ನೂ ಬದಲಾಯಿಸಬೇಕು. ಈ ವರ್ಷದ ಗೊಬ್ಬರದ ದುಡ್ಡು ಅದು ಅಂದರು ಅಪ್ಪ. ಅಲ್ಲಿಗೆ ಮುಗಿಯಿತು.

200 ಎಎಚ್ ಟ್ಯೂಬುಲರ್ ಅಂತ ತೀರ್ಮಾನವಾಯಿತು. ಅದೇ 180 ವ್ಯಾಟ್ ಲೋಡಿಗೆ ನನ್ನ ಲೆಕ್ಕದಲ್ಲಿ ಏಳೂವರೆ ಗಂಟೆ. ಲೇಬಲ್ಲಿನಲ್ಲಿ ಮೂರನೇ ಒಂದು ಭಾಗ ಜಾಸ್ತಿ, ಸಮಯ ಮಾತ್ರ 40 ಪರ್ಸೆಂಟ್ ಜಾಸ್ತಿ, ದೊಡ್ಡ ಬ್ಯಾಟರಿಗೆ ಅಷ್ಟೇ ಲೋಡು ಹಗುರ ಅಲ್ವಾ, ಹಾಗಾಗಿ. ತುಂಬಲು ಹೆಚ್ಚು ಹೊತ್ತು ಬೇಕು, ಅದು ಇದರ ಕಿರಿಕಿರಿ. ರೂಟರಿಗೆ ಅಂತ ಒಂದು ಪುಟ್ಟ ಯುಪಿಎಸ್ ಬೇರೆ ತಂದೆ. 12 ವೋಲ್ಟ್ ಬ್ಯಾಟರಿಯನ್ನು 230 ಮಾಡಿ, ಅದನ್ನು ಮತ್ತೆ ಅಡಾಪ್ಟರಿನಲ್ಲಿ 12 ಮಾಡಿ ರೂಟರಿಗೆ ಕೊಡುವುದು ಅಂದರೆ ಕಾವೇರಿ ನೀರನ್ನು ಬೆಂಗಳೂರಿಗೆ ಒಯ್ದು ಟ್ಯಾಂಕರಿನಲ್ಲಿ ಭಾಗಮಂಡಲಕ್ಕೆ ವಾಪಸ್ ತಂದ ಹಾಗೆ.

ಹಳೆಯದನ್ನು ಜೀಪಿನ ಹಿಂದೆ ಹಾಕಿಕೊಂಡು ಪೇಟೆಗೆ ಹೋದೆವು. ಈ ಸಲ ಬೇರೆ ಅಂಗಡಿ. ಎಕ್ಸ್‌ಚೇಂಜಿಗೆ ಎಷ್ಟು ಕೊಡ್ತೀರಿ ಅಂತ ಅಪ್ಪ ಕೇಳಿದರು. ಒಂದು ಸೆಲ್ ಹೋಗಿದೆ, ಐವತ್ತೇ ಎಎಚ್ ಉಳಿದಿರುವುದು ಅಂತ ಮುಂಚೆಯೇ ಹೇಳಿಬಿಡಬೇಕು ಅಂತ ನಾನು ಬಾಯಿ ತೆರೆದೆ, ಅಪ್ಪ ನನ್ನ ಕಾಲು ತುಳಿದರು. ಹುಡುಗ ಬ್ಯಾಟರಿಯ ಮೇಲಿನ ಧೂಳು ಒರೆಸಿ ಲೇಬಲ್ ಓದಿ, "150 ಎಎಚ್ ಸಾರ್" ಅಂತ ಒಳಗೆ ಕೂಗಿದ. ಒಳಗಿದ್ದವರು ಪಟ್ಟಿ ನೋಡಿ 150 ಎಎಚ್‌ನ ರೇಟು ಹೇಳಿ, ಬಿಲ್ಲಿನಲ್ಲಿ ಕಳೆದು ಬರೆದುಕೊಟ್ಟರು. ಮೀಟರ್ ಹಚ್ಚಲಿಲ್ಲ, ಮುಚ್ಚಳವನ್ನೂ ತೆಗೆಯಲಿಲ್ಲ.

ವಾಪಸ್ ಬರುವಾಗ ತೋಳೂರು ಶೆಟ್ಟಳ್ಳಿ ದಾಟುವ ತನಕ ಅಪ್ಪ ಒಬ್ಬರೇ ನಗುತ್ತಿದ್ದರು. ಏನಪ್ಪಾ ಅಂದೆ.

"ಮೂವತ್ತು ವರ್ಷದಿಂದ ಕಾಫಿ ಮಾರ್ತಿದೀನಿ ಕಣಮ್ಮ" ಅಂದರು. "ಇವತ್ತು ಒಬ್ರು ಔಟ್‌ಟರ್ನ್ ನೋಡ್ದೆ ಚೀಲ ತಗೊಂಡ್ರು."